ಅವ್ವ ಆರಾಮ ಇದ್ದಾರೆ

ಇಂಡಿ
4 ಆಗಸ್ಟ್ 2025

ಪ್ರಿಯ ಶ್ರೀಮತಿ ಕಾಶಿಬಾಯಿ ಅವರೇ,

ನಿನ್ನೆಯ ಮೊದಲ ಆನ್‌ಲೈನ್ ತರಗತಿಗೆ ಸಮಯಕ್ಕೆ ಸರಿಯಾಗಿ ಬಂದದ್ದಕ್ಕೆ ಧನ್ಯವಾದಗಳು. ಸಭೆಯಲ್ಲಿ ಎದ್ದು ನಿಂತು ಅಳುಕಿಲ್ಲದೆ ಮಾತನಾಡಬೇಕೆಂಬ ನಿಮ್ಮ ಗುರಿಯ ಕಡೆಗೆ ಇಡುವ ಪ್ರತಿ ಹೆಜ್ಜೆಯಲ್ಲೂ ತರಬೇತುದಾರಳಾಗಿ ನಾನು ನಿಮ್ಮ ಜೊತೆಗಿರುತ್ತೇನೆ.

ಮುಂದಿನ ತರಗತಿಯೊಳಗೆ ನಿಮ್ಮ ಸಂಘದ ಬಗ್ಗೆ, ಎಲ್ಲಿ ಯಾರೆದುರು ನಿಮಗೆ ಮಾತು ನಿಲ್ಲುತ್ತದೆ ಎಂಬುದರ ಬಗ್ಗೆ ಒಂದು ಮೇಲ್ ಬರೆಯಿರಿ. ಚಿಕ್ಕದಾಗಿದ್ದರೆ ಸಾಕು, ನೇರವಾಗಿ ವಿಷಯಕ್ಕೆ ಬನ್ನಿ.

ತರಗತಿಯ ನಡುವೆ ಆದ ಹಿನ್ನೆಲೆ ಸದ್ದಿಗೆ ಕ್ಷಮೆ ಇರಲಿ. ಇನ್ನು ಮುಂದೆ ಹಾಗಾಗದಂತೆ ನೋಡಿಕೊಳ್ಳುತ್ತೇನೆ.

ನಿಮ್ಮ ಯಶಸ್ಸು ಬಯಸುವ,
ಪ್ರಿಯದರ್ಶಿನಿ
ಮಾತು ಮತ್ತು ಆತ್ಮವಿಶ್ವಾಸ ತರಬೇತುದಾರರು


ನಾಲತವಾಡ
6 ಆಗಸ್ಟ್ 2025

ಪ್ರಿಯದರ್ಶಿನಿ ಬಾಯಾರಿಗೆ ಕಾಶಿಬಾಯಿ ಮಾಡುವ ನಮಸ್ಕಾರಗಳು. ಇಲ್ಲಿ ನಾವೆಲ್ಲರೂ ಕ್ಷೇಮ, ನಿಮ್ಮ ಕ್ಷೇಮಕ್ಕೆ ಬರೆಯಿರಿ.

ಸಾಲ್ಯಾಗ ಕಲಿಸಿದ ಕಾಗದದ ಭಾಷೆ ಇಷ್ಟಕ್ಕ ಮುಗೀತ್ರಿ. ಇನ್ನ ಮಾತಾಡಿದಂಗ ಬರೀತೇನಿ, ತಪ್ಪ ತಿಳಕೋಬ್ಯಾಡ್ರಿ.

ನಾ ಇಲ್ಲಿ ಹೆಣ್ಣಮಕ್ಕಳ ಹಾಲಿನ ಸಂಘಕ್ಕ ಅಧ್ಯಕ್ಷಿ. ಹೆಸರಿಗಷ್ಟ ಅಧ್ಯಕ್ಷಿ. ಮಾತೆಲ್ಲಾ ಯುವರಾಜಂದು. ಮೊದಲಿನ ಅಧ್ಯಕ್ಷಿ ಮಗ ಅಂವ. ಸಂಘಕ್ಕ ಸ್ವಂತ ಖೋಲಿ ಕಟ್ಟಿ ಎರಡು ವರ್ಷಾತು, ಕೀಲಿ ಜಡದ ನಿಂತೈತಿ. ಹಾಲು ಹಾಕೂದು ಇನ್ನೂ ಅವರ ಮನಿ ಕಟ್ಟಿ ಮ್ಯಾಲ. ಬಿಸಲಾಗ ನಿಲ್ಲಬೇಕು, ಅಂವಾ ಎದ್ದು ಚಾ ಕುಡದು ಬರೂ ತನಕ ಕಾಯಬೇಕು, ಹಾಲಿಗೆ ನೀರ ಹಾಕಿ ತಂದೀ ಅಂದ್ರ ಅನಿಸಿಕೋಬೇಕು. ಈ ಸಲ ದೊಡ್ಡ ಸಭೆದಾಗ ‘ಖೋಲಿ ತಗೀರಿ’ ಅಂತ ನಾನ ಎದ್ದು ಹೇಳಬೇಕು. ಹೋದ ವರ್ಷ ಎದ್ದಿದ್ದೆ. ಅಂವಾ ‘ಹ್ಞಾಂ ಹೇಳ್ರಿ ಬಾಯಾರ’ ಅಂತ ನಕ್ಕ. ನನ್ನ ನಾಲಿಗಿ ಅಂಗುಳಕ್ಕ ಹತ್ತಿ ಬಿಟ್ಟಿತು. ನೀರ ಕುಡದು ಕೂತೆ. ಮಂದಿ ನಕ್ಕರು. ಈ ಸಲಾನೂ ಹಂಗಾದ್ರ ನಾ ಮತ್ತ ಆ ಖುರ್ಚಿ ಮ್ಯಾಲ ಕೂಡ್ರೂದಿಲ್ಲ. ಇದ ನನ್ನ ಸಂಕಟ.

ಮತ್ತೊಂದು. ನೀವು ಹಿನ್ನೆಲೆ ಸದ್ದು ಅಂತ ಬರದೀರಿ. ಅದು ಸದ್ದಲ್ಲರಿ, ನಿಮ್ಮ ತಾಯಿ ‘ಬಾಯಾರ, ಎಮ್ಮಿ ಒದೀತೈತಂತ ಯಾರರ ಹಿಂಡೂದು ಬಿಡ್ತಾರೇನು?’ ಅಂತ ಕೇಳಿದ್ದು. ನಾ ರಾತ್ರಿ ಮಲಗೂ ತನಕ ನಕ್ಕೇನಿ. ಆಕಿ ಹೆಸರೇನು? ಆರಾಮ ಅದಾಳಿಲ್ಲ? ಮುಂದಿನ ಸಲ ಆಕಿನ್ನ ಮುಂದ ಕೂಡ್ರಸ್ರಿ.

ಕಾಶಿಬಾಯಿ


ಕರಡು, ಕಳುಹಿಸಿಲ್ಲ
7 ಆಗಸ್ಟ್ 2025

ಕಾಶಿಬಾಯಿ ಅವರೇ, ನಿಮ್ಮ ಮೇಲ್ ಓದಿ ನಗು ಬಂತು, ಸಿಟ್ಟೂ ಬಂತು. ನಾನು ಸಿಟ್ಟು-ನಗುವನ್ನೆಲ್ಲ ಮೊದಲು ಕರಡಿನಲ್ಲಿ ಬರೆದು, ಆಮೇಲೆ ಕಳುಹಿಸಬೇಕಾದ ಮೇಲ್ ಬರೆಯುತ್ತೇನೆ. ತರಬೇತುದಾರರ ತರಬೇತಿಯಲ್ಲಿ ನಮಗೆ ಹಾಗೆ ಕಲಿಸಿದ್ದಾರೆ. ಆತ್ಮೀಯವಾಗಿರಿ, ಆದರೆ ನಿಮ್ಮ ಮನೆಯನ್ನು ಮೇಲ್‌ನಲ್ಲಿ ತರಬೇಡಿ ಅಂತ. ಅದು ಗೆರೆ. ಆ ಗೆರೆ ನನ್ನ ಅವ್ವನಿಗೆ ಗೊತ್ತಿಲ್ಲ. ಕ್ಯಾಮೆರಾ ಕಡೆ ಬರಬೇಡ ಅಂತ ಕೈ ಮುಗಿದಿದ್ದೇನೆ. ಆದರೂ ಮೂಲೆಯಲ್ಲಿ ಕೂತು ಶೇಂಗಾ ಸುಲಿಯುತ್ತ ಎಲ್ಲರಿಗೂ ಬುದ್ಧಿ ಹೇಳುತ್ತಾಳೆ. ಹೋದ ವಾರ ಬಾಗೇವಾಡಿಯ ವಕೀಲರೊಬ್ಬರಿಗೆ ‘ತಮ್ಮಾ, ಮೊದಲ ಮೀಸಿ ತಿರುವೂದು ಬಿಡು, ಮಾತು ತಾನ ಬರ್ತೈತಿ’ ಅಂದಳು. ನನ್ನ ಜೀವ ಹೋಯಿತು.

ಈಗ ಬೆನ್ನ ಹಿಂದೆ ನಿಂತು ನಿಮ್ಮ ಮೇಲ್ ಓದಿಸಿಕೊಂಡಿದ್ದಾಳೆ. ‘ಹೊನ್ನವ್ವ ಅಂತ ಬರಿ. ಹಲ್ಲಿಲ್ಲ, ಉಳಿದದ್ದೆಲ್ಲಾ ಗಟ್ಟಿ ಅದಾಳಂತ ಬರಿ’ ಅನ್ನುತ್ತಿದ್ದಾಳೆ.


ಇಂಡಿ
7 ಆಗಸ್ಟ್ 2025

ಪ್ರಿಯ ಕಾಶಿಬಾಯಿ ಅವರೇ,

ನಿಮ್ಮ ವಿವರವಾದ ಮೇಲ್ ತಲುಪಿತು. ನಿಮ್ಮ ಪ್ರಾಮಾಣಿಕತೆ ಮೆಚ್ಚುವಂಥದ್ದು. ಮುಂದಿನ ತರಗತಿಯಲ್ಲಿ ಎದುರಿನವರು ನಕ್ಕಾಗ ಉಸಿರು ಹಿಡಿದು ಮಾತು ಮುಂದುವರಿಸುವ ಅಭ್ಯಾಸ ಮಾಡೋಣ.

ನನ್ನ ತಾಯಿಯ ಹೆಸರು ಹೊನ್ನವ್ವ. ಕ್ಷೇಮವಾಗಿದ್ದಾರೆ. ವಿಚಾರಿಸಿದ್ದಕ್ಕೆ ಧನ್ಯವಾದಗಳು.

ವಂದನೆಗಳೊಂದಿಗೆ,
ಪ್ರಿಯದರ್ಶಿನಿ


ನಾಲತವಾಡ
27 ಆಗಸ್ಟ್ 2025

ಬಾಯಾರ,

ಸಭೆ ಸೆಪ್ಟೆಂಬರ್ ಹದಿನಾಲ್ಕಕ್ಕ ಐತಂತ ಗೊತ್ತಾತು.

ನೀವು ಹೇಳಿದಂಗ ದಿನಾ ಮುಂಜಾನಿ ಎಮ್ಮಿ ಮುಂದ ನಿಂತು ಭಾಷಣ ಮಾಡಾಕತ್ತೇನಿ. ನಮ್ಮ ಮನಿಯವರು ‘ಆಕಿಗಿ ಹುಚ್ಚ ಹಿಡದೈತಿ’ ಅಂತ ಓಣ್ಯಾಗ ಹೇಳಿ ಬಂದಾರ. ಹೇಳ್ಲಿ ಬಿಡ್ರಿ. ಎಮ್ಮಿ ಮಾತ್ರ ಒಂದ ದಿನಾನೂ ನಕ್ಕಿಲ್ಲ.

ನಿಮಗ ಒಂದು ಖರೇ ಹೇಳ್ಲೇನು? ಉಸಿರು ಹಿಡಿಯೂದು, ಕಣ್ಣಾಗ ಕಣ್ಣಿಟ್ಟು ನೋಡೂದು, ಎಲ್ಲಾ ಚಲೋ ಕಲಿಸೀರಿ. ಆದ್ರ ಹೋದ ವಾರ ಹೊನ್ನವ್ವ ಮೂಲ್ಯಾಗಿಂದ ‘ಅಂವಾ ನಕ್ಕರ ನೀನೂ ನಗು, ಅವಂಗ ಹಲ್ಲಷ್ಟ ಅದಾವ, ನಿನಗ ಮಾತೂ ಅದಾವ’ ಅಂದಳಲ್ಲಾ, ಅವತ್ತ ನನ್ನ ಅಂಜಿಕಿ ಅರ್ಧ ಹೋತು. ನನ್ನ ತವರವರು ಯಾರೂ ಉಳದಿಲ್ಲ. ಬೆನ್ನ ಹಿಂದ ಒಬ್ಬಾಕಿ ಹಿರೇಮನಿಷಾಳು ಕೂತಂಗ ಆತು. ಆಕಿ ಕೆಮ್ಮಾಕತ್ತಿದ್ದಳು. ಕಷಾಯ ಮಾಡಿ ಕೊಡ್ರಿ.

ಕಾಶಿಬಾಯಿ


ಕರಡು, ಕಳುಹಿಸಿಲ್ಲ
4 ಸೆಪ್ಟೆಂಬರ್ 2025

ಕಾಶಿಬಾಯಿ ಅವರೇ, ಮೊನ್ನೆ ಅವ್ವ ಹೋದಳು. ಕೆಮ್ಮು ಜ್ವರವಾಯಿತು, ಜ್ವರಕ್ಕೆ ಉಸಿರು ಕಟ್ಟಿತು. ಸೊಲ್ಲಾಪುರದ ದವಾಖಾನೆಗೆ ಒಯ್ಯುವಾಗ ಗಾಡಿಯಲ್ಲೇ ಮುಗಿಯಿತು. ಸಿಂದಗಿಯಿಂದ ಅಣ್ಣ ಸೋಮನಿಂಗ ಬಂದಿದ್ದಾನೆ. ನಿನ್ನೆಯಿಂದ ಮಂದಿ ಮಾತಾಡಿಸಲು ಬರುತ್ತಲೇ ಇದ್ದಾರೆ. ಒಬ್ಬೊಬ್ಬರೂ ರೊಟ್ಟಿ ಬುತ್ತಿ ಕಟ್ಟಿಕೊಂಡು ಬಂದು, ನನ್ನ ಮುಂದೆ ಕೂತು, ಹೆಂಗಾತು ಅಂತ ಕೇಳುತ್ತಾರೆ. ನಾನು ಪ್ರತಿಯೊಬ್ಬರಿಗೂ ಮೊದಲಿನಿಂದ ಕೊನೆಯವರೆಗೆ, ಪೂರ್ತಿ ವಾಕ್ಯಗಳಲ್ಲಿ, ದನಿ ನಡುಗದಂತೆ ಹೇಳಿದೆ. ನನಗೇ ಗಾಬರಿಯಾಯಿತು. ಅಷ್ಟು ಚೆನ್ನಾಗಿ ಮಾತನಾಡಬಾರದಿತ್ತು ನಾನು. ಬಾಜೂ ಮನೆಯಾಕೆ ‘ಕಲ್ಲೆದಿ ಹುಡುಗಿ’ ಅಂದದ್ದು ಕೇಳಿಸಿತು.

ನಿಮಗೆ ಇದನ್ನು ಕಳುಹಿಸುವುದಿಲ್ಲ. ಗೆರೆಯ ಮಾತಲ್ಲ ಇದು, ಗೆರೆ ಹಾಳಾಗಿ ಹೋಗಲಿ. ಕಳುಹಿಸಿದರೆ ನೀವು ಇವತ್ತೇ ಬಸ್ ಹತ್ತುತ್ತೀರಿ. ಮುದ್ದೇಬಿಹಾಳ, ಬಾಗೇವಾಡಿ, ವಿಜಯಪುರ ದಾಟಿ ಬಂದು ನನ್ನ ಮುಂದೆ ಕೂಡುತ್ತೀರಿ. ಸಾವಿನ ಮನೆಗೆ ಹೋಗದೆ ಇರುವ ಹೆಂಗಸಲ್ಲ ನೀವು. ಆಮೇಲೆ ಹತ್ತು ದಿನದಲ್ಲಿ ಸಭೆ. ಬೆನ್ನ ಹಿಂದೆ ಕೂತಾಕೆ ಹೋದಳು ಅಂತ ಗೊತ್ತಾದರೆ ನಿಮ್ಮ ನಾಲಿಗೆ ಮತ್ತೆ ಅಂಗುಳಕ್ಕೆ ಅಂಟುತ್ತದೆ. ಯುವರಾಜನಿಗೆ ಅಷ್ಟೇ ಬೇಕು.


ಇಂಡಿ
4 ಸೆಪ್ಟೆಂಬರ್ 2025

ಪ್ರಿಯ ಕಾಶಿಬಾಯಿ ಅವರೇ,

ತಾಂತ್ರಿಕ ಕಾರಣಗಳಿಂದ ಈ ವಾರದ ತರಗತಿಯನ್ನು ಸೆಪ್ಟೆಂಬರ್ ಹತ್ತಕ್ಕೆ ಮುಂದೂಡಲಾಗಿದೆ. ಅನಾನುಕೂಲಕ್ಕೆ ಕ್ಷಮೆ ಇರಲಿ. ಅಭ್ಯಾಸ ನಿಲ್ಲಿಸಬೇಡಿ.

ವಂದನೆಗಳೊಂದಿಗೆ,
ಪ್ರಿಯದರ್ಶಿನಿ


ನಾಲತವಾಡ
5 ಸೆಪ್ಟೆಂಬರ್ 2025

ಬಾಯಾರ,

ತಾಂತ್ರಿಕ ಕಾರಣ ಅಂದ್ರ ಕರೆಂಟ್ ಹೋತೇನ್ರಿ? ಇಂಡ್ಯಾಗೂ ನಮ್ಮ ಹಣೇಬಾರನ ಏನು!

ಒಂದು ಕೇಳೂದಿತ್ತು. ಹೊನ್ನವ್ವ ಹೇಳಿದ ಎಮ್ಮಿ ಮಾತು ಸಭೆದಾಗ ಹೇಳ್ಲೇನು? ಆಕಿ ಮಾತು, ಆಕಿನ್ನ ಕೇಳದ ಹೇಳಬಾರದು. ಕೇಳಿ ಬರೀರಿ. ಕೆಮ್ಮು ಕಡಿಮಿ ಆತೇನು ಅದನ್ನೂ ಬರೀರಿ. ಮರೀಬ್ಯಾಡ್ರಿ, ನೀವು ಮನಿ ಸುದ್ದಿ ಕೇಳಿದ್ರ ಬರಿಯೂದ ಇಲ್ಲ.

ಕಾಶಿಬಾಯಿ


ಇಂಡಿ
6 ಸೆಪ್ಟೆಂಬರ್ 2025

ಪ್ರಿಯ ಕಾಶಿಬಾಯಿ ಅವರೇ,

ಖಂಡಿತ ಹೇಳಿ. ಸಭೆಯಲ್ಲಿ ಆ ಮಾತು ಚೆನ್ನಾಗಿ ನಾಟುತ್ತದೆ.

ಕೆಮ್ಮು ಈಗಿಲ್ಲ. ಅವ್ವ ಆರಾಮ ಇದ್ದಾರೆ.

ವಂದನೆಗಳೊಂದಿಗೆ,
ಪ್ರಿಯದರ್ಶಿನಿ


ನಾಲತವಾಡ
15 ಸೆಪ್ಟೆಂಬರ್ 2025

ಬಾಯಾರ, ಬಾಯಾರ, ಬಾಯಾರ!

ಗೆದ್ದೆವ್ರಿ!

ನಾ ಎದ್ದೆ. ಯುವರಾಜ ಮೊದಲಿನಂಗ ‘ಹ್ಞಾಂ ಹೇಳ್ರಿ ಬಾಯಾರ’ ಅಂತ ನಕ್ಕ. ನಾನೂ ನಕ್ಕೆ. ಅವಂಗ ಅಲ್ಲೇ ಅರ್ಧ ಜೀವ ಹೋತು. ಆಮ್ಯಾಲ ಹೇಳಿದೆ ನೋಡ್ರಿ, ‘ಇಂಡ್ಯಾಗ ಹೊನ್ನವ್ವ ಅಂತ ಒಬ್ಬಾಕಿ ಹಿರೇಮನಿಷಾಳು ಅದಾಳ. ಎಮ್ಮಿ ಒದೀತೈತಂತ ಯಾರರ ಹಿಂಡೂದು ಬಿಡ್ತಾರೇನು ಅಂತ ಕೇಳ್ಯಾಳ. ಎರಡು ವರ್ಷ ಒದಿಸಿಕೊಂಡೇವಿ, ಇನ್ನ ಹಿಂಡೂದು ನಾವ, ಹಾಲೂ ನಮ್ಮದ, ಖೋಲೀನೂ ನಮ್ಮದ. ಕೀಲಿ ಇಲ್ಲಿ ಇಡು ತಮ್ಮಾ!’ ಹೆಣ್ಣಮಕ್ಕಳೆಲ್ಲಾ ಎದ್ದು ನಿಂತ್ರು. ಅಖ್ತರಬೇಗಂ ಅಂತೂ ಸೀಟಿ ಹೊಡದಳು, ಐವತ್ತು ದಾಟಿದಾಕಿ! ಕೀಲಿಕೈ ಮೇಜಿನ ಮ್ಯಾಲ ಬಂತು.

ಇವತ್ತ ಹೂರಣದ ಹೋಳಿಗಿ ಮಾಡೇನಿ. ಹೊನ್ನವ್ವಗ ಹಲ್ಲಿಲ್ಲ ಅಂತ ಆಕಿನ ಕ್ಲಾಸಿನಾಗ ಹೇಳಿದ್ದಳು, ಅದಕ್ಕ ತೆಳ್ಳಗ, ಬೆಣ್ಣಿ ಹಂಗ ಮಾಡೇನಿ. ಬಸ್ಸಿನಾಗ ಕಳಿಸೇನಿ, ನಾಳೆ ಸಂಜಿಗೆ ಇಂಡಿ ನಿಲ್ದಾಣದಾಗ ಇಸಗೋರಿ. ಮೊದಲನೇದು ಆಕೀ ಬಾಯಾಗ ಇಡಬೇಕು. ಆಮ್ಯಾಲ ನಿಮಗ.

ಮತ್ತ ಕೇಳ್ರಿ. ಇಪ್ಪತ್ತೆಂಟಕ್ಕ ನವರಾತ್ರ್ಯಾಗ ಖೋಲಿ ತಗಿತೇವಿ. ಕೀಲಿ ತಗಿಯಾಕಿ ಹೊನ್ನವ್ವ. ಇದು ನನ್ನ ಒಬ್ಬಾಕಿ ಮಾತಲ್ಲ, ಎಲ್ಲಾರೂ ಠರಾವು ಮಾಡೇವಿ. ಅಖ್ತರಬೇಗಂ ಮಗ ತೌಸಿಫ ಕ್ರೂಸರ್ ಗಾಡಿ ತಗೊಂಡು ನಿಮ್ಮ ಮನಿ ಮುಂದ ಬರ್ತಾನ. ಆಕೀನ್ನ ಮುಂದಿನ ಸೀಟಿನ್ಯಾಗ ಕೂಡ್ರಿಸಿಕೊಂಡು ಬರ್ರಿ.

ಕಾಶಿಬಾಯಿ


ಕರಡು, ಕಳುಹಿಸಿಲ್ಲ
17 ಸೆಪ್ಟೆಂಬರ್ 2025

ನಿನ್ನೆ ಸಂಜೆ ಹೋಳಿಗೆ ಬಂತು. ಬಾಳೆಎಲೆಯಲ್ಲಿ ಸುತ್ತಿ, ಮೇಲೆ ಹಳೆ ಸೀರೆಯ ತುಂಡು ಕಟ್ಟಿದ್ದಿರಿ. ಇನ್ನೂ ಬೆಚ್ಚಗಿತ್ತೋ, ಬಸ್ಸಿನ ಬಿಸಿಯೋ ಗೊತ್ತಿಲ್ಲ. ಸಾವಾದ ಮನೆಗೆ ಗೆದ್ದ ಹೋಳಿಗೆ. ಬಾಜೂ ಮನೆಯಾಕೆ ವಾಸನೆ ಹಿಡಿದು ಬಂದು ಹೊಸ್ತಿಲಲ್ಲೇ ನಿಂತು ನೋಡಿ ಹೋದಳು. ಏನು ತಿಳಿದುಕೊಂಡಳೋ ದೇವರಿಗೇ ಗೊತ್ತು. ನಾನು ಒಂದನ್ನು ಅವ್ವನ ಫೋಟೋ ಮುಂದೆ ಇಟ್ಟೆ. ಉಳಿದವನ್ನು ನಿಂತಲ್ಲೇ ತಿಂದೆ, ಒಂದಾದ ಮೇಲೆ ಒಂದು. ಹೊಟ್ಟೆ ಹಸಿದದ್ದು ಆಗಲೇ ಗೊತ್ತಾಯಿತು.

ಸಭೆ ಮುಗಿಯಿತು, ಇನ್ನು ಹೇಳಬಹುದಲ್ಲ ಎಂದು ಮೂರು ಸಲ ಬರೆದು ಅಳಿಸಿದೆ. ‘ತಮಗೆ ತಿಳಿಸಲು ವಿಷಾದಿಸುತ್ತೇನೆ’ ಎಂದು ಬರೆದರೆ ವಿದ್ಯುತ್ ಇಲಾಖೆಯ ಸೂಚನೆಯಂತೆ ಕಾಣುತ್ತದೆ. ಕಾಶಿಬಾಯಿ ಅವರೇ, ಇಂಡಿಯಲ್ಲಿ ಎಲ್ಲರಿಗೂ ಅವ್ವ ಸತ್ತಿದ್ದಾಳೆ. ಸಿಂದಗಿಯಲ್ಲಿ ಅಣ್ಣನಿಗೂ ಸತ್ತಿದ್ದಾಳೆ. ದಿನಕರ್ಮ ಮುಗಿಸಿ ಕೈ ತೊಳೆದುಕೊಂಡು ಹೋದ. ನಾಲತವಾಡ ಒಂದರಲ್ಲಿ ಅವ್ವ ಇನ್ನೂ ಬದುಕಿದ್ದಾಳೆ. ಅಲ್ಲಿ ಅವಳ ಹೆಸರು ಹಿಡಿದು ಹೆಂಗಸರು ಎದ್ದು ನಿಲ್ಲುತ್ತಾರೆ. ಅವಳ ಬಾಯಿಗೆ ತಕ್ಕ ಹೋಳಿಗೆ ಬೇಯಿಸುತ್ತಾರೆ. ಅವಳಿಗೆ ಮುಂದಿನ ಸೀಟು ಹಿಡಿದಿದ್ದಾರೆ. ಅಲ್ಲಿಯೂ ಅವಳನ್ನು ನಾನೇ ಕೊಲ್ಲಬೇಕೇ? ನನ್ನ ಕೈಲಿ ಆಗುವುದಿಲ್ಲ.


ಇಂಡಿ
18 ಸೆಪ್ಟೆಂಬರ್ 2025

ಪ್ರಿಯ ಕಾಶಿಬಾಯಿ ಅವರೇ,

ಹೃತ್ಪೂರ್ವಕ ಅಭಿನಂದನೆಗಳು! ಇದು ಪೂರ್ತಿ ನಿಮ್ಮ ಪರಿಶ್ರಮದ ಫಲ.

ಹೋಳಿಗೆ ತಲುಪಿತು. ಮೊದಲನೆಯದನ್ನು ನೀವು ಹೇಳಿದಂತೆ ಅವ್ವನಿಗೇ ಕೊಟ್ಟೆ. ತುಂಬಾ ಧನ್ಯವಾದಗಳು.

ಉದ್ಘಾಟನೆಗೆ ಆಹ್ವಾನಿಸಿದ್ದು ನಮಗೆ ದೊಡ್ಡ ಗೌರವ. ಆದರೆ ಅವ್ವನಿಗೆ ಪ್ರಯಾಣ ಸಾಧ್ಯವಾಗುವುದಿಲ್ಲ. ದಯವಿಟ್ಟು ಬೇರೆ ಗಣ್ಯರಿಂದ ಮಾಡಿಸಿ. ಗಾಡಿ ಕಳುಹಿಸುವುದು ಬೇಡ.

ವಂದನೆಗಳೊಂದಿಗೆ,
ಪ್ರಿಯದರ್ಶಿನಿ


ನಾಲತವಾಡ
20 ಸೆಪ್ಟೆಂಬರ್ 2025

ಪ್ರಿಯದರ್ಶಿನಿ ಬಾಯಾರಿಗೆ,

ಎರಡು ದಿನ ಸುಮ್ಮನಿದ್ದೆ. ಸಿಟ್ಟಿನಾಗ ಬರೀಬಾರದಂತ ನೀವ ಕಲಿಸೀರಿ. ಆದ್ರ ಸಿಟ್ಟು ಇಳೀವಲ್ದು, ಬರೀತೇನಿ.

ಅವ್ವ ಆರಾಮ ಅದಾಳಂತೀರಿ. ಕೆಮ್ಮಿಲ್ಲಂತೀರಿ. ಹತ್ತನೇ ತಾರೀಖಿನ ಕ್ಲಾಸಿನಾಗ ಆಕಿ ದನಿ ಬರಲಿಲ್ಲಂತ ಕೇಳಿದ್ರ ಮಲಗ್ಯಾಳಂದ್ರಿ. ಹೋಳಿಗಿ ತಿಂದಾಳಂತೀರಿ. ಗಾಡಿ ಮನಿ ಬಾಗಿಲಿಗೆ ಬರ್ತೈತಿ ಅಂದ್ರ ಹತ್ತಾಕ ಆಗಂಗಿಲ್ಲಂತೀರಿ. ನಾ ಎಮ್ಮಿ ಕಾಯಾಕಿ ಇರಬಹುದು, ಎಮ್ಮಿ ಅಲ್ಲ.

ನನಗ ತಿಳಿದೈತಿ. ನಿಮಗ ಆಕಿನ್ನ ಕರಕೊಂಡು ಬರಾಕ ನಾಚಿಕಿ. ಹಲ್ಲಿಲ್ಲದ ಮುದುಕಿ, ಸೆರಗ ಹೊದ್ದು ಖುರ್ಚಿ ಮ್ಯಾಲ ಕೂತು ಬಾಯಿಗೆ ಬಂದಂಗ ಮಾತಾಡ್ತಾಳ, ಫೋಟೋ ತಗೀತಾರ, ಬಾಯಾರ ಮರ್ಯಾದಿ ಹೋಗ್ತೈತಿ. ಹೌದಲ್ಲೋ? ಮೊದಲನೇ ದಿನಾನ ಆಕಿನ್ನ ‘ಸದ್ದು’ ಅಂತ ಬರದಾಕಿ ನೀವು. ಬೇರೆ ಗಣ್ಯರು ಅಂತ. ಯಾರ್ರಿ ಗಣ್ಯರು? ನನಗ ಮಾತು ಕೊಟ್ಟಾಕಿ ಆಕಿ. ನೀವು ಉಸಿರು ಹಿಡಿಯೂದು ಕಲಿಸಿದ್ರಿ ಅಷ್ಟ.

ಹಡದ ತಾಯಿನ್ನ ಮುಚ್ಚಿಡೂ ಮಗಳ ಕಡೆ ನನಗ ಇನ್ನ ಕಲಿಯೂದು ಏನೂ ಇಲ್ಲ. ಇದು ಕಡೇ ಕಾಗದ.

ಕಾಶಿಬಾಯಿ


ಇಂಡಿ
20 ಸೆಪ್ಟೆಂಬರ್ 2025

ಕಾಶಿಬಾಯಿ ಅವರೇ,

ಅವ್ವ ಇಲ್ಲ.

ಸೆಪ್ಟೆಂಬರ್ ಎರಡಕ್ಕೆ ಹೋದಳು. ತಾಂತ್ರಿಕ ಕಾರಣ ಅಂತ ನಿಮಗೆ ಬರೆದದ್ದು ಅದನ್ನೇ. ಕೆಮ್ಮು ಈಗಿಲ್ಲ ಅಂತ ಬರೆದದ್ದೂ ಅದನ್ನೇ. ಹೋಳಿಗೆ ಕೊಟ್ಟದ್ದು ಫೋಟೋಕ್ಕೆ.

ಸಭೆಗೆ ಮುಂಚೆ ಹೇಳಿದರೆ ನೀವು ಎಲ್ಲ ಬಿಟ್ಟು ಬರುತ್ತೀರಿ, ಮಾತು ಕೈಕೊಡುತ್ತದೆ ಎಂದು ಹೇಳಲಿಲ್ಲ. ಸಭೆ ಆದ ಮೇಲೆ ಯಾಕೆ ಹೇಳಲಿಲ್ಲ ಎಂದರೆ, ನೀವೊಬ್ಬರಾದರೂ ಅವಳು ಹೇಗಿದ್ದಾಳೆ ಅಂತ ಕೇಳುತ್ತಿದ್ದಿರಿ. ಉಳಿದವರೆಲ್ಲ ಹೇಗೆ ಹೋದಳು ಅಂತ ಕೇಳುತ್ತಾರೆ. ನಿಮ್ಮ ಪ್ರಶ್ನೆ ನಿಲ್ಲುವುದು ನನಗೆ ಬೇಡವಾಗಿತ್ತು.

ನಾಚಿಕೆಯ ಮಾತು ಹೇಳಿದಿರಿ. ಅವಳಿದ್ದಾಗ ಇತ್ತು, ಸುಳ್ಳು ಹೇಳುವುದಿಲ್ಲ. ಈಗ ಆ ಮೂಲೆಯಲ್ಲಿ ಯಾರೂ ಮಾತನಾಡುವುದಿಲ್ಲ. ತರಗತಿಗಳು ಬಹಳ ಅಚ್ಚುಕಟ್ಟಾಗಿ ನಡೆಯುತ್ತಿವೆ. ಲ್ಯಾಪ್‌ಟಾಪ್ ಮುಚ್ಚಿದ ಮೇಲೆ ಎದ್ದು ಎಲ್ಲಿ ಹೋಗಬೇಕೋ ನನಗೆ ತಿಳಿಯುವುದಿಲ್ಲ.

ಈ ಮೇಲ್ ಕರಡಲ್ಲ. ಎರಡನೇ ಸಲ ಓದದೆ ಕಳುಹಿಸುತ್ತಿದ್ದೇನೆ.

ಪ್ರಿಯದರ್ಶಿನಿ


ನಾಲತವಾಡ
21 ಸೆಪ್ಟೆಂಬರ್ 2025

ಯವ್ವಾ, ನನ್ನ ಮಗಳ,

ನನ್ನ ನಾಲಿಗಿ ಸುಡಲಿ. ಏನೇನ ಬರದ್ನಲ್ಲೋ ಶಿವನ!

ಆದ್ರ ನಿನ್ನ ಮ್ಯಾಲೂ ನನಗ ಸಿಟ್ಟೈತಿ, ಅದನ್ನ ಬಿಡೂದಿಲ್ಲ. ಸಾವಾದ ಮನಿಗೆ ರೊಟ್ಟಿ ಕಟಗೊಂಡು ಹೋಗಬೇಕಾದಾಕಿ ನಾ ಹೋಳಿಗಿ ಕಳಿಸಿದೆ. ನಮ್ಮ ಏಳು ತಲಿ ಒಳಗ ಯಾರೂ ಇಂಥಾ ಕೆಲಸ ಮಾಡಿಲ್ಲ. ನೀ ಹೇಳದ ಮಾಡಿಸಿದಿ. ಸಭೆ ಹೋಗಿದ್ರ ಹೋಗ್ತಿತ್ತು, ಯುವರಾಜ ಇನ್ನೊಂದು ವರ್ಷ ನಗತಿದ್ದ. ಸಭೆ ವರ್ಷಾ ಬರ್ತೈತಿ. ಹೊನ್ನವ್ವಗ ಮಣ್ಣ ಕೊಡೂ ದಿನ ಮತ್ತ ಬರ್ತೈತೇನು?

ಇವತ್ತ ಖೋಲಿ ಮುಂದ ಎಲ್ಲಾರನ್ನೂ ಕೂಡ್ರಿಸಿ ಹೇಳಿದೆ. ಯಾರೂ ಆಕಿನ್ನ ಕಂಡವರಲ್ಲ. ಎಲ್ಲಾರೂ ಅತ್ತರು. ಅಖ್ತರಬೇಗಂ ಕಣ್ಣ ಒರಸಿಕೊಂಡು ‘ಸುಮ್ಮ ಇಲ್ಲಿ ಕೂತು ಅತ್ತರ ಆ ಹುಡುಗಿಗಿ ಏನ ಬಂತು, ಹಿಟ್ಟ ನಾದ್ರಿ’ ಅಂದಳು. ಈಗ ಮೂರು ಮನ್ಯಾಗ ರೊಟ್ಟಿ ಬಡಿಯಾಕತ್ತಾರ. ಇಪ್ಪತ್ತೆಂಟರ ಕಾರ್ಯಕ್ರಮ ಮುಂದ ಹಾಕೇವಿ. ಖೋಲಿ ಎಲ್ಲೀ ಓಡಿ ಹೋಗಂಗಿಲ್ಲ.

ನಿನ್ನ ಮೇಲ್‌ಗೆ ಇದು ಉತ್ತರ ಅಲ್ಲ. ಉತ್ತರ ನಾಳೆ ಮಧ್ಯಾನದೊಳಗ ನಿಮ್ಮ ಮನಿ ಮುಂದ ಕ್ರೂಸರಿನಿಂದ ಇಳೀತೈತಿ, ಹಿಡಿಸಿದಷ್ಟು ಮಂದಿ ಬರ್ತೇವಿ. ಹೆಂಗಾತು ಅಂತ ನಾವು ಕೇಳೂದಿಲ್ಲ. ಆಕಿ ಹೆಂಗಿದ್ದಳು ಅಂತ ಕೇಳ್ತೇವಿ, ಕ್ಲಾಸಿನಾಗ ಕೇಳಸ್ತಿದ್ದ ಆ ಶೇಂಗಾ ಸುಲಿಯೂದರಿಂದ ಹಿಡದು ಎಲ್ಲಾ ಹೇಳಬೇಕು. ಮನಿ ಗುರುತ ಬರಿ.

ಕಾಶವ್ವ


ಇಂಡಿ
21 ಸೆಪ್ಟೆಂಬರ್ 2025

ಕಾಶವ್ವ,

ಸಿಂದಗಿ ರಸ್ತೆಗೆ ತಿರುಗಿ. ಹಳೆಯ ಎಣ್ಣೆ ಗಾಣ ದಾಟಿದ ಮೇಲೆ ಎಡಕ್ಕೆ ಸಣ್ಣ ಓಣಿ, ಕ್ರೂಸರ್ ಒಳಗೆ ಬರುವುದಿಲ್ಲ, ತೌಸಿಫ ಬೇವಿನ ಗಿಡದ ಕೆಳಗೆ ನಿಲ್ಲಿಸಲಿ. ನೀಲಿ ಬಾಗಿಲು. ನಾಳೆಯ ತರಗತಿಗಳನ್ನೆಲ್ಲ ರದ್ದು ಮಾಡಿದ್ದೇನೆ. ಕಾರಣ ಏನೆಂದು ಎಲ್ಲರಿಗೂ ಬರೆದಿದ್ದೇನೆ, ಬಾಗೇವಾಡಿಯ ವಕೀಲರಿಗೂ.

ಇನ್ನೂ ಏನೋ ಬರೀಬೇಕಂತ ಕೂತೆ, ನಯವಾದ ಮಾತು ಯಾವೂ ನೆನಪಾಗವಲ್ವು. ಲಗೂನ ಬರ್ರಿ. ದಾರ್‍ಯಾಗ ಎಲ್ಲೂ ಚಾಕ್ಕ ನಿಲ್ಲಬ್ಯಾಡ್ರಿ. ಅವ್ವ ಹೋದಾಗಿಂದ ನಾ ಇನ್ನೂ ಅತ್ತಿಲ್ಲ, ನನಗ ಒಬ್ಬಾಕಿಗೆ ಅಳಾಕ ಬರವಲ್ದು.

ಪ್ರಿಯಾ